ಹನ್ನೆರಡನೆಯ ಕುರ್ಚಿ

ಗಂಡ ಸತ್ತ ತಿಂಗಳಿಗೆ ಊರಿಗೆ ನೀರು ಬಿಡುವ ಕೆಲಸ ವಾಲ್ವಕ್ಕನ ಕೈಗೆ ಬಂತು, ಅದೂ ತಾತ್ಕಾಲಿಕವಾಗಿ. ನೀರಿನ ಕಚೇರಿಯ ಇಂಜಿನಿಯರು ಕಾಗದ ಕೊಡುವಾಗ, ಯಾರಾದರೂ ಗಂಡಸು ಸಿಗುವ ತನಕ ನೋಡಿಕೊಳ್ಳಮ್ಮ ಎಂದಿದ್ದರು. ಹದಿನಾಲ್ಕು ವರ್ಷವಾದರೂ ಗಂಡಸು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಬೆಳಕು ಹರಿಯುವ ಮುಂಚೆ ಏಳಬೇಕು, ವಾಲ್ವು ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ನಾಲ್ಕು ರಸ್ತೆ ಕೂಡುವಲ್ಲಿಗೆ ನಡೆಯಬೇಕು, ಚಪ್ಪಡಿ ಸರಿಸಿ, ಜರಿ ಚೇಳು ಓಡಿಸಿ, ಮಂಡಿಯುದ್ದ ಕೆಸರಿನ ಗುಂಡಿಗೆ ಇಳಿಯಬೇಕು. ಗುಡ್ಡದ ಕಡೆಗೆ ಹನ್ನೊಂದು ಸುತ್ತು, ಕಾಲುವೆ ಕಡೆಗೆ ಒಂಬತ್ತೂವರೆ. ಅರ್ಧ ಸುತ್ತು ಹೆಚ್ಚಾದರೆ ಕಾಲುವೆ ಕಡೆಯ ಹಳೆಯ ಪೈಪು ಎಲ್ಲಾದರೂ ಬಾಯಿ ಬಿಡುತ್ತದೆ. ಅರ್ಧ ಸುತ್ತು ಕಡಿಮೆಯಾದರೆ ಗುಡ್ಡದ ತುದಿಮನೆಯವಳು ಖಾಲಿ ಕೊಡ ಹಿಡಿದು ಇಳಿದು ಬಂದು, ಇವಳ ಏಳು ತಲೆಮಾರನ್ನು ನೀರಿಲ್ಲದೆಯೇ ತೊಳೆದು ಹೋಗುತ್ತಾಳೆ.

ವಾಲ್ವಕ್ಕ ಬೈಗುಳಕ್ಕೆ ಜಗ್ಗುವವಳಲ್ಲ. ಅಗಲ ಭುಜ, ದಪ್ಪ ಮಣಿಕಟ್ಟು, ಬಾಯಿ ಬಿಟ್ಟರೆ ತಮಾಷೆ. ಮಕ್ಕಳಿಲ್ಲ. ಗುಡ್ಡದ ಕಡೆಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಚೇರಿಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಅವಳ ಜೊತೆಗಿದ್ದದ್ದು ತಂಗಿ ಮತ್ತು ತಂಗಿಯ ಮಗಳು. ತಂಗಿಯನ್ನು ಗಂಡ ಬಿಟ್ಟು ಹೋದಾಗ ಮಗುವಿಗೆ ಐದು ವರ್ಷ. ಈಗ ಅವಳಿಗೆ ಹತ್ತೊಂಬತ್ತು, ಔಷಧಿ ಅಂಗಡಿಯಲ್ಲಿ ಕೆಲಸ. ವೈದ್ಯರ ಕೈಬರಹ ಓದಬಲ್ಲವಳು ಊರಿನಲ್ಲಿ ಅವಳೊಬ್ಬಳೇ, ವೈದ್ಯರಿಗೂ ಅನುಮಾನ ಬಂದರೆ ಅವಳನ್ನೇ ಕೇಳುತ್ತಾರೆ ಎಂದು ವಾಲ್ವಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹೆತ್ತದ್ದು ತಂಗಿ, ಜಂಬ ಇವಳದ್ದು.

ಊರು ಎರಡಾದದ್ದು ಯಾಕೆಂದು ಕೇಳಿದರೆ ಗುಡ್ಡದ ಕಡೆಯವರು ಒಂದು ಹೇಳುತ್ತಾರೆ, ಕಾಲುವೆ ಕಡೆಯವರು ಇನ್ನೊಂದು. ಮತ ಎಣಿಕೆಯ ದಿನ ಕೈ ಕೈ ಮಿಲಾಯಿಸಿದ್ದು ನಿಜ, ಆ ವಾರವೇ ಮಾರುಕಟ್ಟೆಗೆ ಬೆಂಕಿ ಬಿದ್ದದ್ದೂ ನಿಜ. ತಿಂಗಳೊಳಗೆ ಎಲ್ಲಿಂದಲೋ ಬಂದೂಕುಗಳು ಬಂದವು. ಮರಳಿನ ಚೀಲಗಳನ್ನು ಪೇರಿಸಿ ಎರಡೂ ಕಡೆ ಠಾಣೆ ಕಟ್ಟಿದರು. ಪೊಲೀಸರು ದೊಡ್ಡ ಊರಿಗೆ ಹೋದವರು ತಿರುಗಿ ಬರಲಿಲ್ಲ. ನಾಲ್ಕು ರಸ್ತೆಯ ಗುಂಡಿ ಎರಡು ಠಾಣೆಗಳ ಸರಿಮಧ್ಯದಲ್ಲಿ ಉಳಿಯಿತು. ದಿನಾ ಬೆಳಿಗ್ಗೆ ಎರಡು ಬಂದೂಕುಗಳ ನಡುವೆ ಬೆನ್ನು ಬಗ್ಗಿಸಿ ಕೀಲಿ ತಿರುಗಿಸುವವಳು ವಾಲ್ವಕ್ಕ.

ಗುಡ್ಡದ ಠಾಣೆಗೆ ಯಜಮಾನನಾದವನನ್ನು ಎಲ್ಲರೂ ಮೀಟರ್ ಎಂದೇ ಕರೆಯುತ್ತಿದ್ದರು. ಮೊದಲು ಅವನು ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುತ್ತಿದ್ದ ಸಣಕಲ. ಯಾವ ಮನೆಯ ಹಿತ್ತಿಲ ಬಾಗಿಲು ಎಲ್ಲಿದೆ, ಯಾವ ಮನೆಯಲ್ಲಿ ಗಂಡಸರಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಂದೂಕು ಹಿಡಿದ ಮೇಲೆ ಆ ವಿದ್ಯೆ ಉಪಯೋಗಕ್ಕೆ ಬಂತು. ಕಾಲುವೆ ಕಡೆಯ ನೀರು ನಿಲ್ಲಿಸು ಎಂದು ಅವನು ವಾಲ್ವಕ್ಕನಿಗೆ ಹೇಳಿ ಕಳಿಸಿದ. ಆ ಕಡೆ ನಿಲ್ಲಿಸಿದರೆ ಒತ್ತಡವೆಲ್ಲ ಈ ಕಡೆ ನುಗ್ಗಿ ಗುಡ್ಡದ ಪೈಪು ಸೀಳುತ್ತದೆ ಎಂದು ಅವಳು ಉತ್ತರ ಕಳಿಸಿದಳು. ಕಾಲುವೆ ಕಡೆಯವರೂ ಅದನ್ನೇ ಕೇಳಿದರು. ಅವರಿಗೂ ಅದೇ ಉತ್ತರ. ಮಾತಿನಲ್ಲಿ ಅರ್ಧ ನಿಜ, ಅರ್ಧ ಗಾಳಿ. ಬಂದೂಕಿನ ವಿಷಯ ತಿಳಿದವರಿಗೆ ನೀರಿನ ವಿಷಯ ತಿಳಿಯದ್ದರಿಂದ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಕಾಲುವೆ ಕಡೆಯ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಬಸುರಿಯೊಬ್ಬಳಿಗೆ ಗುಂಡು ಬಿತ್ತು. ಅವಳ ಕೊಡ ತುಂಬಿ ಚೆಲ್ಲುತ್ತಲೇ ಇತ್ತು, ನಲ್ಲಿ ನಿಲ್ಲಿಸುವುದಕ್ಕೂ ಯಾರೂ ಹತ್ತಿರ ಹೋಗಲಿಲ್ಲ. ವಾಲ್ವಕ್ಕ ಗುಂಡಿಯಲ್ಲೇ ಇದ್ದಳು. ಎರಡೂ ವಾಲ್ವುಗಳನ್ನು ಕೊನೆಯ ಸುತ್ತಿನ ತನಕ ಮುಚ್ಚಿ, ಕೀಲಿ ಹೊತ್ತುಕೊಂಡು ಮೇಲೆ ಬಂದಳು. ಬಂದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಕಾಲುವೆ ಕಡೆಗೆ ನಡೆದಳು. ಹಿಂದಿನಿಂದ ಯಾರೋ ಕೂಗಿದರು. ಅವಳು ತಿರುಗಲಿಲ್ಲ.

ಆ ಕಡೆಯ ಮೊದಲ ಅಂಗಡಿ ಇಸ್ತ್ರಿಯವಳದು. ಅವಳ ಇಬ್ಬರು ಗಂಡುಮಕ್ಕಳು ಕಾಲುವೆ ಠಾಣೆಯಲ್ಲಿದ್ದರು. ಮುಂಚೆ ಅವಳಿಗೂ ವಾಲ್ವಕ್ಕನಿಗೂ ಬೈದಾಡಿಕೊಂಡಷ್ಟೇ ಪರಿಚಯ. ವಾಲ್ವಕ್ಕ ಕೀಲಿಯನ್ನು ಅವಳ ಇದ್ದಿಲ ಚೀಲದೊಳಗೆ ತೂರಿಸಿ, ‘ಇದು ನಿನ್ನ ಹತ್ರ ಇರ್ಲಿ. ನಿಮ್ಮೋರಿಗೂ ಕೊಡಬೇಡ, ನಂಗೂ ಕೊಡಬೇಡ’ ಎಂದಳು.

ಇಸ್ತ್ರಿಯವಳು ಚೀಲದ ಬಾಯಿ ಕಟ್ಟಿ ಅದರ ಮೇಲೆ ಕೂತಳು.

ಎರಡು ದಿನ ಊರಿಗೆ ಹನಿ ನೀರಿಲ್ಲ. ಗುಡ್ಡದವರು ದೊಡ್ಡ ರೆಂಚು ತಂದು ತಿರುಗಿಸಿ ನೋಡಿದರು. ವಾಲ್ವಿನ ತಲೆ ಸವೆದಿತ್ತು, ರೆಂಚು ಹಿಡಿತ ಸಿಗದೆ ಜಾರಿತು. ಮೀಟರ್ ಸ್ವತಃ ವಾಲ್ವಕ್ಕನ ಮನೆಗೆ ಬಂದ. ಕೀಲಿ ಎಲ್ಲಿ ಎಂದ. ಬೆಳಿಗ್ಗೆ ಏಳರಿಂದ ಎಂಟರ ತನಕ ಎರಡೂ ಕಡೆ ಬಂದೂಕು ಕೆಳಗಿಟ್ಟರೆ ಸಿಗುತ್ತದೆ ಎಂದಳು. ಅವನು ಹೊಡೆದ ಏಟಿಗೆ ಎಡಗಡೆಯ ಎರಡು ಹಲ್ಲು ಹೋದವು. ಹಲ್ಲಿನ ಜೊತೆ ಕೀಲಿ ಉದುರಲಿಲ್ಲ. ಆ ಕಡೆ ಇಸ್ತ್ರಿಯವಳು ತನ್ನ ಮಕ್ಕಳಿಬ್ಬರಿಗೆ, ನೀರು ಬೇಕಾದರೆ ನನ್ನನ್ನು ಎಬ್ಬಿಸಿ ನೋಡಿ ಎಂದಿದ್ದಳು. ತಾಯಿಯನ್ನು ಎಬ್ಬಿಸುವ ಧೈರ್ಯ ಬಂದೂಕಿನವರಿಗೂ ಬರಲಿಲ್ಲ. ಮೂರನೆಯ ದಿನ ಎರಡೂ ಕಡೆಯ ಗಂಡಸರಿಗೆ ಮೈ ನಾರತೊಡಗಿತು. ಹೂಂ ಅಂದರು.

ಹಾಗೆ ನೀರಿನ ಗಂಟೆ ಶುರುವಾಯಿತು. ಮೊದಲು ಏಳರಿಂದ ಎಂಟು, ಆಮೇಲೆ ಅದು ಒಂಬತ್ತರ ತನಕ ಬೆಳೆಯಿತು. ಆ ಹೊತ್ತಿನಲ್ಲಿ ಹೆಂಗಸರು ಕೊಡ ಹಿಡಿದು ಎರಡೂ ಠಾಣೆಗಳ ಮುಂದೆ ಸಾಲು ನಿಲ್ಲುತ್ತಿದ್ದರು, ಗುಂಡು ಹಾರಿಸುವವನು ಮೊದಲು ತನ್ನ ಅಕ್ಕನನ್ನೋ ಅತ್ತೆಯನ್ನೋ ದಾಟಿಸಿ ಹಾರಿಸಬೇಕಿತ್ತು. ಆ ಹೊತ್ತಿನಲ್ಲೇ ಹೆಣಗಳು ಅತ್ತಿತ್ತ ಆಗುತ್ತಿದ್ದವು, ಜ್ವರದ ಮಕ್ಕಳು ವೈದ್ಯರ ಹತ್ತಿರ ಬರುತ್ತಿದ್ದವು, ಹಿಡಿದಿಟ್ಟ ಹುಡುಗರ ಸುದ್ದಿ ತಾಯಂದಿರಿಗೆ ಮುಟ್ಟುತ್ತಿತ್ತು. ಹದಿನಾಲ್ಕು ತಿಂಗಳು, ಒಂದು ದಿನವೂ ತಪ್ಪಲಿಲ್ಲ. ಇದನ್ನು ಯಾರೂ ಶಾಂತಿ ಅನ್ನಲಿಲ್ಲ. ನೀರು ಬಿಡುವ ಹೊತ್ತು ಅಂದರು, ಅಷ್ಟೇ.

ಔಷಧಿಗಳನ್ನು ಆ ಕಡೆಗೆ ಒಯ್ಯಲು ಜನ ಬೇಕಾಯಿತು. ಚೀಟಿ ಓದಲು ಬರುವವಳು ಮನೆಯಲ್ಲೇ ಇದ್ದಳಲ್ಲ. ತಂಗಿ ಬೇಡವೆಂದಳು. ವಾಲ್ವಕ್ಕ, ‘ನಾನಿಲ್ವಾ? ಕೂಗಳತೆ ದೂರ’ ಎಂದು ಹುಡುಗಿಯನ್ನು ಕಳಿಸಿದಳು. ಹುಡುಗಿಯೂ ಖುಷಿಯಿಂದಲೇ ಹೋದಳು. ಐದು ತಿಂಗಳು ಹೋಗಿ ಬಂದಳು.

ಒಂದು ಬುಧವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅವಳು ಖಾಲಿ ಚೀಲ ಹಿಡಿದು ವಾಪಸು ಬರುತ್ತಿದ್ದಳು. ಗುಡ್ಡದ ಠಾಣೆಯ ಮುಂದೆ ಮೀಟರ್ ನಿಲ್ಲಿಸಿದ. ಆ ಕಡೆಗೆ ಏನೇನು ಸಾಗಿಸುತ್ತೀಯ, ವಿಚಾರಣೆ ಮಾಡಬೇಕು ಎಂದು ಒಳಗೆ ಕರೆದ. ಠಾಣೆ ಇದ್ದದ್ದು ಹಳೆಯ ಕರೆಂಟಿನ ಕಚೇರಿಯಲ್ಲಿ, ಒಳಗೆ ಮೀಟರು ಪೆಟ್ಟಿಗೆಗಳನ್ನು ಪೇರಿಸಿಟ್ಟ ಒಂದು ಕೋಣೆ. ವಾಲ್ವಕ್ಕ ಅದೇ ಹೊತ್ತಿಗೆ ಗುಂಡಿಯಲ್ಲಿ ತಲೆ ಬಗ್ಗಿಸಿ ಒಂಬತ್ತೂವರೆ ಸುತ್ತು ವಾಪಸು ತಿರುಗಿಸುತ್ತಿದ್ದಳು. ಅವಳು ನೋಡಲೇ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಡುಗಿಯನ್ನು ಬಿಟ್ಟರು.

ಅವಳು ಮನೆಗೆ ಬಂದು ಚಪ್ಪಲಿಯನ್ನು ಜೋಡಿಸಿಟ್ಟಳು. ನೀರು ಕಾಯಿಸಿದಳು. ಸ್ನಾನ ಮಾಡಿದಳು. ತಂಗಿಗೆ ಕೇಳದೆಯೇ ಎಲ್ಲ ತಿಳಿಯಿತು. ಬಾಗಿಲು ಹಾಕಿ ಅಕ್ಕನ ಎದುರು ಕೂತು, ಈ ಮಾತು ಈ ನಾಲ್ಕು ಗೋಡೆ ದಾಟಬಾರದು ಎಂದಳು. ಕಳಿಸಿದವಳು ನೀನು ಎಂದು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹುಡುಗಿ ಒದ್ದೆ ಕೂದಲಿನಲ್ಲೇ ಬಂದು ವಾಲ್ವಕ್ಕನ ಕೈ ಹಿಡಿದು, ‘ಭಾಷೆ ಕೊಡಿ ದೊಡ್ಡಮ್ಮ’ ಎಂದಳು. ದೊಡ್ಡಮ್ಮ ಕೊಟ್ಟಳು.

ಮರುದಿನ ಬೆಳಿಗ್ಗೆ ವಾಲ್ವಕ್ಕ ಕೀಲಿ ಹೊತ್ತು ಹೊರಟಳು. ಹೋಗದಿದ್ದರೆ ನೀರಿನ ಗಂಟೆ ನಿಲ್ಲುತ್ತದೆ, ಯಾಕೆ ನಿಂತಿತೆಂದು ಊರು ಕೇಳುತ್ತದೆ. ಠಾಣೆಯ ಮುಂದೆ ಮೀಟರ್ ಹಲ್ಲುಜ್ಜುತ್ತ ನಿಂತಿದ್ದ. ಅವನಿಗೂ ಸೇರಿಸಿ ಹನ್ನೊಂದು ಸುತ್ತು ತಿರುಗಿಸಿದಳು.

ಆಮೇಲೆ ಅವಳ ಕಿವಿ ಬೇರೆಯಾಯಿತು. ಸಾಲಿನಲ್ಲಿ ನಿಂತ ಹೆಂಗಸರು ಅರ್ಧ ಹೇಳಿ ಅರ್ಧ ನುಂಗುವ ಮಾತುಗಳು ಅವಳಿಗೆ ಈಗ ಪೂರ್ತಿ ಕೇಳಿಸತೊಡಗಿದವು. ಗುಡ್ಡದ ಮೇಲೆ ಅಂಥದ್ದೇ ಆದ ಮನೆ ಇನ್ನೂ ನಾಲ್ಕು. ಕಾಲುವೆ ಕಡೆಯ ಠಾಣೆಯ ಹೆಸರಿನಲ್ಲೂ ಎರಡು. ಆರು ಹೆಂಗಸರು, ಒಬ್ಬೊಬ್ಬರೂ ತಾನೊಬ್ಬಳೇ ಎಂದುಕೊಂಡವರು.

ಹದಿನೆಂಟು ತಿಂಗಳಾದ ಮೇಲೆ ದೊಡ್ಡ ಊರಿನಿಂದ ಬಿಳಿ ಗಾಡಿಗಳು ಬಂದವು. ಎರಡೂ ಕಡೆಗೆ ಗುಂಡುಗಳೂ ಮುಗಿದಿದ್ದವು, ಸಾಯಲು ಹುಡುಗರೂ ಮುಗಿದಿದ್ದರು. ಶಾಂತಿ ಸಮಿತಿ ಮಾಡಿ ಎಂದು ಬಂದವರು ಹೇಳಿದರು. ನಿವೃತ್ತ ಹೆಡ್‌ಮೇಷ್ಟ್ರು ಅಧ್ಯಕ್ಷರಾದರು. ಎರಡೂ ಕಡೆಯಿಂದ ಐದೈದು ಜನ. ಕಾಲುವೆ ಕಡೆಗೆ ಲಾರಿ ಮಾಲೀಕ ಮುಂದಾಳು, ಗುಡ್ಡದ ಕಡೆಗೆ ಮೀಟರ್. ಒಟ್ಟು ಹನ್ನೊಂದು ಗಂಡಸರು. ಪಟ್ಟಿ ದೊಡ್ಡ ಊರಿಗೆ ಹೋಗಿ, ಒಬ್ಬ ಹೆಂಗಸಾದರೂ ಇರತಕ್ಕದ್ದು, ಇಲ್ಲವಾದರೆ ಒಪ್ಪಂದ ಸಿಂಧುವಲ್ಲ ಎಂಬ ಕೆಂಪು ಗೀಟು ಹಾಕಿಸಿಕೊಂಡು ವಾಪಸು ಬಂತು. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಎರಡೂ ಕಡೆಗೆ ಗೊತ್ತಿರುವವಳು, ಓದು ಬರಹ ಅಷ್ಟಕ್ಕಷ್ಟೇ, ತೊಂದರೆಯಿಲ್ಲ ಎಂದು ವಾಲ್ವಕ್ಕನ ಹೆಸರು ಸೇರಿಸಿದರು.

ಹೆಂಗಸರಿಗೆ ಹಿಗ್ಗೋ ಹಿಗ್ಗು. ಇಸ್ತ್ರಿಯವಳು ಅವಳ ಬಟ್ಟೆಯನ್ನು ತಾನೇ ಗಂಜಿ ಹಾಕಿ ತೀಡಿ ಕೊಟ್ಟು, ‘ಗುಂಡಿಗೆ ಇಳಿಯೋ ಥರ ಅಲ್ಲಿ ಎತ್ತಿ ಕಟ್ಟಿಕೊಂಡು ಕೂತ್ಕೋಬೇಡ ಮತ್ತೆ’ ಎಂದಳು. ನಗು ಮುಗಿದ ಮೇಲೆ ಹೆಂಗಸರು ಕೇಳಿದ್ದು ಎರಡು ವಿಷಯ. ಕಾಣೆಯಾದವರನ್ನು ಎಲ್ಲಿ ಹೂತಿದ್ದಾರೆಂದು ತೋರಿಸಲಿ. ಬಂದೂಕಿನವರನ್ನೇ ಕಾವಲಿಗೆ ಹಾಕುವುದಾದರೆ ನಮ್ಮನ್ನು ಕೇಳಿ ಹಾಕಲಿ. ಎರಡನೆಯದನ್ನು ಯಾಕೆ ಕೇಳುತ್ತಿದ್ದೇವೆಂದು ಯಾರೂ ಬಿಡಿಸಿ ಹೇಳಲಿಲ್ಲ.

ವಾಲ್ವಕ್ಕ ಆ ಆರು ಮನೆಗಳಿಗೂ ಹೋದಳು. ಸಭೆಯಲ್ಲಿ ಕೇಳಿದರೆ ಒಬ್ಬಳು ಬಂದು ಹೇಳಿದರೂ ಸಾಕು, ಪಕ್ಕದಲ್ಲಿ ನಾನಿರುತ್ತೇನೆ ಎಂದಳು. ಒಬ್ಬಳು ಬಾಗಿಲು ತೆಗೆಯಲಿಲ್ಲ. ಒಬ್ಬಳು ಅತ್ತೆಯ ಮುಂದೆ ಗುರುತೇ ಇಲ್ಲದವಳಂತೆ ಮಾತಾಡಿದಳು. ಒಬ್ಬಳು ಕೇಳಿದಳು: ‘ನಿನ್ನ ಮನೆಯವರಾಗಿದ್ರೆ ಕರ್ಕೊಂಡು ಹೋಗ್ತಿದ್ಯಾ?’ ವಾಲ್ವಕ್ಕ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಳು.

ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ. ಉದ್ದ ಮೇಜಿನ ಸುತ್ತ ಹನ್ನೊಂದು ಕುರ್ಚಿ ಹಾಕಿದ್ದರು. ಹನ್ನೆರಡನೆಯದನ್ನು ಶಿಶುವಿಹಾರದಿಂದ ತರಿಸಿದರು, ಬೇರೆ ಖಾಲಿ ಇರಲಿಲ್ಲವಂತೆ. ಅದರಲ್ಲಿ ಕೂತರೆ ಮೇಜು ಅವಳ ಕತ್ತಿಗೆ ಬರುತ್ತಿತ್ತು. ಮೊದಲ ಎರಡು ದಿನ ಅವಳನ್ನು ಕೇಳಿದ ಪ್ರಶ್ನೆ ಒಂದೇ: ಹೂಜಿಯಲ್ಲಿ ನೀರಿದೆಯಾ? ಕಾಣೆಯಾದವರ ವಿಷಯ ಎತ್ತಿದಳು. ಅದು ಮುಂದಿನ ಹಂತದಲ್ಲಿ ಎಂದು ಮೇಷ್ಟ್ರು ಬರೆದುಕೊಂಡರು. ಮುಂದಿನ ಹಂತ ಅಂದರೆ ಯಾವಾಗ ಎಂದರೆ, ಹಂತ ಹಂತವಾಗಿ ಎಂದರು.

ಮೂರನೆಯ ದಿನ ಮೇಷ್ಟ್ರು ಒಪ್ಪಂದ ಓದಿದರು. ಹಳೆಯ ವಿಷಯಗಳನ್ನು ಯಾರೂ ಕೆದಕತಕ್ಕದ್ದಲ್ಲ. ಎರಡೂ ಠಾಣೆಗಳ ಹುಡುಗರನ್ನು ಸೇರಿಸಿ ಊರ ಕಾವಲು ದಳ, ಸಮವಸ್ತ್ರ ಸಮೇತ. ದಳಕ್ಕೆ ಮುಖ್ಯಸ್ಥ ಮೀಟರ್, ಉಪಮುಖ್ಯಸ್ಥ ಲಾರಿ ಮಾಲೀಕನ ಅಳಿಯ. ಯಾರದಾದರೂ ತಕರಾರು ಇದೆಯೇ ಎಂದು ವಾಡಿಕೆಯಂತೆ ಕೇಳಿ ಮುಂದಿನ ಹಾಳೆ ತಿರುಗಿಸಿದರು.

ವಾಲ್ವಕ್ಕ ಎದ್ದು ನಿಂತಳು. ಆ ಕುರ್ಚಿಯಿಂದ ಎದ್ದರೆ ಮಾತ್ರ ಅವಳು ಎಲ್ಲರಿಗೂ ಕಾಣುತ್ತಿದ್ದಳು.

‘ಮೇಷ್ಟ್ರೇ, ನಂದಿದೆ.’

ನೀರಿನ ವಿಷಯ ಮಧ್ಯಾಹ್ನದ ಮೇಲಿದೆ ಎಂದು ಲಾರಿ ಮಾಲೀಕ ನೆನಪಿಸಿದ.

‘ನೀರಿಂದಲ್ಲ. ಕಾವಲು ದಳ ಬೇಕು, ಬೇಡ ಅನ್ನಲ್ಲ. ಆದ್ರೆ ಹೆಂಗಸರನ್ನ ಠಾಣೆ ಒಳಗೆ ಎಳ್ಕೊಂಡು ಹೋದವರು ಅದರಲ್ಲಿ ಇರಬಾರದು. ಎರಡೂ ಕಡೆಯವರಿಗೆ ಹೇಳ್ತಿದೀನಿ.’

ಕೋಣೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಮೀಟರ್ ಗುಂಡುಪಿನ್ನಿನಲ್ಲಿ ಉಗುರು ಸ್ವಚ್ಛ ಮಾಡಿಕೊಳ್ಳುತ್ತಿದ್ದ, ಅದನ್ನೇ ಮುಂದುವರಿಸಿದ. ಮೇಷ್ಟ್ರು ಕನ್ನಡಕ ತೆಗೆದು, ಪಾಠ ಹೇಳುವ ದನಿಯಲ್ಲಿ, ಆರೋಪವೆಂದರೆ ಯಾರು, ಯಾವಾಗ, ಎಲ್ಲಿ ಎಂದಿರಬೇಕು, ಗಾಳಿಯಲ್ಲಿ ತೇಲಿ ಬಿಡುವ ವಸ್ತುವಲ್ಲ ಎಂದು ವಿವರಿಸಿದರು. ಅಂಥ ಹೆಂಗಸು ಯಾರಾದರೂ ಇದ್ದರೆ ಕರೆಸಿ, ಸಮಿತಿ ಕೇಳಲು ಸಿದ್ಧವಿದೆ ಎಂದರು. ಹೆಸರು ಹೇಳಿ ಎಂದರು.

ಆರು ಹೆಸರು ಅವಳ ನಾಲಿಗೆಯ ತುದಿಯಲ್ಲಿದ್ದವು. ಮನೆಯಲ್ಲಿ ಕೊಟ್ಟ ಭಾಷೆ ಎದೆಯಲ್ಲಿತ್ತು. ಹನ್ನೊಂದು ಜನ ಕಾಯುತ್ತಿದ್ದರು, ಗುಮಾಸ್ತ ಪೆನ್ನು ಹಿಡಿದು ಕೂತಿದ್ದ. ಅವಳು ಹೆಚ್ಚು ಯೋಚನೆ ಮಾಡಲಿಲ್ಲ. ಯೋಚಿಸಿದ್ದರೆ ಬೇರೆ ಏನಾದರೂ ಹೊಳೆಯುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

‘ನಾನೇ’ ಎಂದಳು. ‘ಬುಧವಾರ. ಕರೆಂಟಿನ ಕಚೇರಿ ಒಳಕೋಣೆ. ಇವನೇ, ಉಗುರು ಕೆರೀತಾ ಕೂತಿದಾನಲ್ಲ.’

ಯಾರೋ ಅವಳ ಹಲ್ಲುದುರಿದ ಬಾಯಿಯನ್ನೂ ನರೆತ ತಲೆಯನ್ನೂ ನೋಡಿ, ‘ಈ ವಯಸ್ಸಲ್ಲಾ?’ ಎಂದರು. ನಗು ಮೇಜಿನ ಒಂದು ತುದಿಯಲ್ಲಿ ಹತ್ತಿ ಇನ್ನೊಂದು ತುದಿಗೆ ಹಬ್ಬಿತು. ಲಾರಿ ಮಾಲೀಕ ಗುಡ್ಡದ ಕಡೆಯವನೊಬ್ಬನ ಭುಜಕ್ಕೆ ಭುಜ ತಾಗಿಸಿ ನಕ್ಕ. ಹದಿನೆಂಟು ತಿಂಗಳಾದ ಮೇಲೆ ಎರಡೂ ಕಡೆಯವರು ಒಂದೇ ಮಾತಿಗೆ ಕೂಡಿ ನಕ್ಕದ್ದು ಅದೇ ಮೊದಲು.

ಮೀಟರ್ ನಗಲಿಲ್ಲ. ತಲೆಯೆತ್ತಿ ಅವಳನ್ನು ನೋಡಿ, ಬಿಲ್ಲಿನಲ್ಲಿ ತಪ್ಪು ಅಂಕಿ ಕಂಡವನಂತೆ, ‘ಇವಳಲ್ಲ’ ಎಂದ.

ನಗು ನಿಂತಿತು.

ಹನ್ನೊಂದು ಜನಕ್ಕೂ ಕೇಳಿಸಿತು. ಇವಳಲ್ಲ ಅಂದರೆ ಇನ್ನೊಬ್ಬಳು. ಅಷ್ಟು ಅರ್ಥವಾಗದ ದಡ್ಡರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೀಟರ್‌ಗೂ ಅರ್ಥವಾಯಿತು, ಗುಂಡುಪಿನ್ನು ಮೇಜಿನ ಮೇಲಿಟ್ಟ. ಗುಮಾಸ್ತ ಪೆನ್ನು ಹಾಳೆಗೆ ತಾಗಿಸಿ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಚಹಾ ತರಿಸಿ ಎಂದರು. ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. ಹನ್ನೆರಡನೆಯ ಸದಸ್ಯರಿಗೆ ಆರೋಗ್ಯ ಸರಿಯಿಲ್ಲದ ಕಾರಣ ಮನೆಗೆ ಕಳಿಸಲಾಯಿತು ಎಂದು ಆ ದಿನದ ನಡಾವಳಿಯಲ್ಲಿದೆ.

ಅವಳು ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಸಹಿ ಹಾಕದಿದ್ದರೆ ಶಾಂತಿ ಮುರಿದ ಪಾಪ ನಿನಗೆ ಎಂದು ಮೇಷ್ಟ್ರು ಮನೆಗೇ ಬಂದು ಹೇಳಿದರು. ಆ ಮಾತು ಅವಳನ್ನು ಚುಚ್ಚಿತು, ಎರಡು ದಿನ ಊಟ ಸೇರಲಿಲ್ಲ. ಆದರೆ ಅಷ್ಟು ಕಷ್ಟಪಡುವ ಅಗತ್ಯವೇ ಇರಲಿಲ್ಲ. ಮೂರನೆಯ ದಿನ ಅವಳ ಜಾಗದಲ್ಲಿ ಮೇಷ್ಟ್ರ ಹೆಂಡತಿ ಸಹಿ ಹಾಕಿದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ಆಕೆ ಸಹಿ ಮಾಡಿ, ಫೋಟೊಗೆ ನಿಂತು, ಹಾಲು ಉಕ್ಕುವ ಮುಂಚೆ ಮನೆ ಸೇರಿದರಂತೆ. ಮುಂದೆ ದೊಡ್ಡ ಊರಿನಲ್ಲಿ ಶಾಂತಿಯಲ್ಲಿ ಹೆಂಗಸರ ಪಾಲಿನ ಬಗ್ಗೆ ಸಭೆಯಾದಾಗ ಆಕೆಯನ್ನೇ ಕರೆದರು. ಗಂಡ ಬರೆದುಕೊಟ್ಟ ನಾಲ್ಕು ಪುಟ ಓದಿ, ಒಂದು ಶಾಲು ಹೊದಿಸಿಕೊಂಡು ಬಂದರು.

ಶಾಂತಿ ಉಳಿಯಿತು. ಆ ವಿಷಯದಲ್ಲಿ ಸುಳ್ಳು ಹೇಳಬಾರದು. ಮರಳಿನ ಚೀಲಗಳು ಹೋದವು, ಶಾಲೆ ತೆರೆಯಿತು, ಗುಡ್ಡದ ಮಕ್ಕಳು ಕಾಲುವೆಯಲ್ಲಿ ಈಜಿದರು.

ಊರಿನಲ್ಲಿ ಒಂದು ಲೆಕ್ಕ ಮಾತ್ರ ಬಾಕಿ ಉಳಿಯಿತು. ಇವಳಲ್ಲವಾದರೆ ಯಾರು? ಮೀಟರ್ ಬಿಟ್ಟು ಉಳಿದ ಹತ್ತು ಜನ ಹತ್ತು ಮನೆಗೆ ಹೋಗಿ ಹೆಂಡತಿಯರಿಗೆ ಹೇಳಿದ್ದರು. ಹೆಂಗಸೊಬ್ಬಳು ತನ್ನ ಮೇಲೆ ಎಳೆದುಕೊಳ್ಳಬೇಕಾದರೆ ಯಾರಿಗೋಸ್ಕರ ಎಳೆದುಕೊಂಡಾಳು? ಟ್ಯಾಂಕಿನ ನೆರಳಿನ ಮನೆಯಲ್ಲಿ ಇಪ್ಪತ್ತರ ಹುಡುಗಿ ಒಬ್ಬಳೇ ಇದ್ದದ್ದು. ವಾರದೊಳಗೆ ಔಷಧಿ ಅಂಗಡಿಗೆ ಗಿರಾಕಿಗಳು ಹೆಚ್ಚಾದರು, ಮಾತ್ರೆ ಬೇಕಿಲ್ಲದವರೂ ಬಂದು ಹುಡುಗಿಯ ಮುಖ ನೋಡಿ ಹೋದರು. ಇನ್ನೊಂದು ವಾರಕ್ಕೆ ಅಂಗಡಿಯವನು, ಸ್ವಲ್ಪ ದಿನ ಬರಬೇಡಮ್ಮ ಎಂದ.

ಹುಡುಗಿ ಮನೆಗೆ ಬಂದಾಗ ವಾಲ್ವಕ್ಕ ಕೀಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು.

‘ನಿಮ್ಮನ್ನ ಯಾರು ಕೇಳಿದ್ರು ದೊಡ್ಡಮ್ಮ?’ ಎಂದಳು ಹುಡುಗಿ. ದನಿ ಎತ್ತರಿಸಲೂ ಇಲ್ಲ. ‘ಭಾಷೆ ಕೊಟ್ಟಿದ್ರಲ್ಲ.’

‘ನಿನ್ನ ಹೆಸರು ಎತ್ತಲಿಲ್ಲ ಕಣೆ. ನಂದೇ ಅಂದೆ.’

‘ಅದನ್ನೇ ಹೇಳ್ತಿರೋದು. ನೀವು ಸುಮ್ನಿದ್ರೆ ಅವನೊಬ್ಬನಿಗೆ ಗೊತ್ತಿತ್ತು. ಈಗ ಊರಿಗೆಲ್ಲ ಗೊತ್ತು.’

ವಾಲ್ವಕ್ಕ ಎಣ್ಣೆಬಟ್ಟೆ ಹಿಡಿದುಕೊಂಡೇ ಇದ್ದಳು. ಹುಡುಗಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಮನೆಯಲ್ಲಿ ಅವಳು ದೊಡ್ಡಮ್ಮನ ಜೊತೆ ಆಡಿದ ಕೊನೆಯ ಮಾತು ಅದು. ಇಪ್ಪತ್ತು ದಿನ ಒಂದೇ ಸೂರಿನಡಿ ಇದ್ದರು, ಒಂದೇ ಪಾತ್ರೆಯಿಂದ ಬಡಿಸಿಕೊಂಡರು. ಮಾತು ಮಾತ್ರ ಇಲ್ಲ.

ಅಷ್ಟರಲ್ಲಿ ಕಾವಲು ದಳದಿಂದ ಕಾಗದ ಬಂತು. ಕುಡಿಯುವ ನೀರು ಭದ್ರತೆಯ ವಿಷಯವಾದ್ದರಿಂದ ಇನ್ನು ಮುಂದೆ ವಾಲ್ವು ದಳದವರ ಸುಪರ್ದಿಗೆ. ಕೊನೆಗೂ ಗಂಡಸು ಸಿಕ್ಕಿದ್ದ. ಕೀಲಿ ಒಪ್ಪಿಸಲು ಹೋದಾಗ ಇಂಜಿನಿಯರು ತಲೆಯೆತ್ತದೆ, ಮನೆಯೂ ಕೆಲಸದ ಜೊತೆ ಬಂದದ್ದಲ್ಲವೇ ಎಂದರು. ಹೊಸಬನಿಗೆ ಸುತ್ತಿನ ಲೆಕ್ಕ ಹೇಳಿಕೊಡುತ್ತೇನೆ ಎಂದಳು. ಬೇಡ ಎಂದರು. ಮೊದಲ ದಿನವೇ ಕಾಲುವೆ ಕಡೆ ಮೂರು ಕಡೆ ಪೈಪು ಒಡೆಯಿತು. ಅಷ್ಟರ ಮಟ್ಟಿಗೆ ಅವಳು ನಕ್ಕಳು, ಆಮೇಲೆ ಅಲ್ಲಿಯ ಹೆಂಗಸರು ನೆನಪಾಗಿ ನಗು ನಿಲ್ಲಿಸಿದಳು.

ತಂಗಿ ಮಗಳನ್ನು ಕರೆದುಕೊಂಡು ದೂರದ ಊರಿನ ಸೋದರಮಾವನ ಮನೆಗೆ ಹೊರಟಳು. ಬಸ್ಸಿನ ಹತ್ತಿರ ವಾಲ್ವಕ್ಕ ಗಂಟು ಎತ್ತಿಕೊಟ್ಟಳು. ಹುಡುಗಿ ಆಚೆ ಬದಿಯ ಕಿಟಕಿಯ ಸೀಟು ಹಿಡಿದು ಕೂತಳು. ಆರು ತಿಂಗಳಿಗೆ ಫೋನು ಬಂತು. ಹುಡುಗಿಗೆ ಮದುವೆ. ಗಂಡಿಗೆ ಎರಡನೆಯ ಸಂಬಂಧ, ವಯಸ್ಸು ನಲವತ್ತರ ಮೇಲೆ, ಹೆಚ್ಚು ವಿಚಾರಿಸುವವರಲ್ಲ. ಅದೇ ದೊಡ್ಡ ಗುಣ ಎಂದಳು ತಂಗಿ. ಅಲ್ಲಿ ಔಷಧಿ ಅಂಗಡಿ ಇದೆಯಾ ಎಂದು ವಾಲ್ವಕ್ಕ ಕೇಳಿದಳು. ಹೆಂಗಸರು ಹೊರಗೆ ದುಡಿಯುವ ಮನೆಯಲ್ಲ ಎಂದಳು. ಯಾವಾಗ ಬರಲಿ ಎಂದು ವಾಲ್ವಕ್ಕ ಕೇಳಿದಳು.

‘ನೀನು ಬರಬೇಡಕ್ಕ. ನಿನ್ನ ನೋಡಿದ್ರೆ ಜನ ಊರು ಯಾವುದು ಅಂತ ಕೇಳ್ತಾರೆ. ಊರು ಹೇಳಿದ್ರೆ ಉಳಿದದ್ದು ತಾನೇ ಗೊತ್ತಾಗುತ್ತೆ.’

ಆಯ್ತು ಎಂದಳು ವಾಲ್ವಕ್ಕ.

ಮನೆ ಬಿಟ್ಟ ಮೇಲೆ ಅವಳಿಗೆ ಸೂರು ಕೊಟ್ಟವಳು ಇಸ್ತ್ರಿಯವಳು. ಅಂಗಡಿಯ ಹಿಂದೆ ಇದ್ದಿಲು ತುಂಬುವ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ಸುಣ್ಣ ಹೊಡೆಸಿದಳು. ಸುಣ್ಣದ ಮೇಲೂ ಕಪ್ಪು ಇಣುಕುತ್ತಿತ್ತು. ಅವಳ ಮಕ್ಕಳಿಬ್ಬರೂ ಈಗ ಕಾವಲು ದಳದಲ್ಲಿದ್ದರು. ವಾಲ್ವಕ್ಕ ಒಳಗೆ ಬಂದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಕಾಲುವೆ ಠಾಣೆಯ ಹೆಸರಿನಲ್ಲಿ ಕೇಳಿದ ಆ ಎರಡು ಮನೆಗಳ ವಿಷಯ ವಾಲ್ವಕ್ಕ ಇಸ್ತ್ರಿಯವಳಿಗೆ ಹೇಳಿರಲಿಲ್ಲ. ಇಸ್ತ್ರಿಯವಳು ಕೇಳಿಯೂ ಇರಲಿಲ್ಲ. ಒಂದೇ ಹಲಗೆಯ ಎರಡು ಬದಿ ನಿಂತು ಇಬ್ಬರೂ ವರ್ಷಗಟ್ಟಲೆ ಬಟ್ಟೆ ಮಡಚಿದರು, ಆ ಮಾತಿನ ಸುತ್ತಲೇ ಓಡಾಡಿದರು, ತುಳಿಯಲಿಲ್ಲ.

ದಳದವರ ಸಮವಸ್ತ್ರ ಸೋಮವಾರ ಸೋಮವಾರ ಬರುತ್ತಿತ್ತು. ಮುಖ್ಯಸ್ಥನ ಅಂಗಿಗೆ ಭುಜದ ಮೇಲೆ ಹಳದಿ ಪಟ್ಟಿ. ಮೊದಲ ಸಲ ಅದು ಬಂದಾಗ ಇಸ್ತ್ರಿಯವಳು, ಇದನ್ನು ನಾನು ಮಾಡುತ್ತೇನೆ ಬಿಡು ಎಂದು ಎಳೆದುಕೊಂಡಳು. ಮರುವಾರ ಅವಳಿಗೆ ಜ್ವರ. ವಾಲ್ವಕ್ಕ ಅಂಗಿಯನ್ನು ಹಲಗೆಯ ಮೇಲೆ ಹರಡಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಕೆಂಡ ಚೆನ್ನಾಗಿ ಹತ್ತಿತ್ತು. ಬೆನ್ನಿನ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟರೆ ಸಾಕಿತ್ತು. ಬಿಟ್ಟರೆ ಇಸ್ತ್ರಿಯವಳ ಅಂಗಡಿ ಮುಚ್ಚಬೇಕು. ಕಾಲರು, ತೋಳು, ಬೆನ್ನು, ಎಲ್ಲವನ್ನೂ ಸುಕ್ಕಿಲ್ಲದಂತೆ ತೀಡಿ, ಗುಂಡಿ ಹಾಕಿ, ಮಡಚಿಟ್ಟಳು.

ಅಂಗಿ ಒಯ್ಯಲು ಅವನೇ ಬಂದ. ಮೈ ತುಂಬಿಕೊಂಡಿದ್ದ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಮಗು ಅವನ ಕಿವಿ ಹಿಡಿದುಕೊಂಡಿತ್ತು.

‘ಚೆನ್ನಾಗಿದ್ದೀರಾ ಅಕ್ಕ?’ ಎಂದ. ಗೌರವದಿಂದಲೇ ಕೇಳಿದ. ಅಂಗಿ ತೆಗೆದುಕೊಂಡು ಮಡಿಕೆ ನೋಡಿ, ‘ಹುಡುಗಿ ಹೇಗಿದಾಳೆ? ಮದುವೆ ಆಯ್ತಂತೆ’ ಎಂದ.

ಅವನಿಗೆ ಗೊತ್ತಿತ್ತು. ಎಷ್ಟು ಗೊತ್ತು, ಊರೂ ಗೊತ್ತೇ, ಮನೆಯೂ ಗೊತ್ತೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಲಗೆಯ ಅಂಚು ಹಿಡಿದುಕೊಂಡು ಅವಳು ಅವನ ಮುಖವನ್ನೇ ನೋಡಿದಳು. ನಿನಗ್ಯಾಕೆ ಎಂದರೆ ಮಾತು ಬೆಳೆಯುತ್ತದೆ. ಸುಮ್ಮನಿದ್ದರೆ ನೆನಪು ಬೆಳೆಯುತ್ತದೆ.

‘ಚೆನ್ನಾಗಿದಾಳೆ’ ಎಂದಳು.

‘ಒಳ್ಳೇದಾಯ್ತು’ ಎಂದ ಅವನು. ಮಗುವಿನ ತಲೆ ಬಾಗಿಲ ಚೌಕಟ್ಟಿಗೆ ತಾಗದಂತೆ ಮೊಣಕಾಲು ಬಗ್ಗಿಸಿ ಹೊರಗೆ ಹೋದ.

ಒಳಗಿನಿಂದ ಇಸ್ತ್ರಿಯವಳು ಏನಂದನಂತೆ ಎಂದು ಕೇಳಿದಳು. ಕಾಲರಿಗೆ ಗಂಜಿ ಸರಿಯಾಗಿದೆ ಅಂದ ಎಂದು ವಾಲ್ವಕ್ಕ ಹೇಳಿ, ಮುಂದಿನ ಅಂಗಿ ಎತ್ತಿಕೊಂಡಳು.